ಅಮ್ಮನ ಗುಂಡ ಮತ್ತು ಎರಡನೇ ತಲೆಮಾರು

ನನ್ನ ತಮ್ಮನಿಗೆ ಒಂದು ಚಟವಿದೆ. ಯಾವ ಮಾತು ಎಲ್ಲಿಂದ ಶುರುವಾದರೂ ಎಳೆದುಕೊಂಡು ಹೋಗಿ ಆ ಮರಿ ಹಿಡಿಯುವ ಆಟಕ್ಕೇ ಕಟ್ಟುತ್ತಾನೆ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಅದು. ಪೊದೆಯಲ್ಲಿ ಅಡಗಿದ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು. ಕೆಲವು ವರ್ಷಕ್ಕೊಮ್ಮೆ ಯಂತ್ರಕ್ಕೆ ಸಿಕ್ಕಿಸಿ ಆಡುವ, ಹೊಸ ಪ್ರಾಣಿಗಳ ಹೊಸ ಕ್ಯಾಸೆಟ್ ಬರುತ್ತದೆ. ಅದನ್ನೇ ತಲೆಮಾರು ಎನ್ನುತ್ತಾರೆ. ಯಾವ ತಲೆಮಾರು ಮೇಲು ಎಂದು ಚಿಕ್ಕಂದಿನಿಂದ ಕಿತ್ತಾಡಿದ್ದೇವೆ. ಈಗ ನನ್ನ ಕೂದಲು ನರೆತಿದೆ, ಅವನಿಗೆ ಕೂದಲೇ ಇಲ್ಲ, ಜಗಳ ಮಾತ್ರ ಹಾಗೇ ಇದೆ.

ನನ್ನದು ಎರಡನೆಯದು. ಮೊದಲನೆಯದು ಸರಳ, ಒಪ್ಪುತ್ತೇನೆ, ಆದರೆ ಅದರಲ್ಲಿ ಯಾವಾಗ ನೋಡಿದರೂ ಹಗಲು. ಎರಡನೆಯದರೊಳಗೆ ಗಡಿಯಾರವಿದೆ. ಹೊರಗೆ ಕತ್ತಲಾದರೆ ಆಟದಲ್ಲೂ ಕತ್ತಲಾಗುತ್ತದೆ, ರಾತ್ರಿಯ ಪ್ರಾಣಿಗಳು ಹೊರಬರುತ್ತವೆ. ಮೊಟ್ಟೆಯೊಡೆದು ಮರಿ ಬರುವುದೂ ಅಲ್ಲಿಂದಲೇ ಶುರು. ತಮ್ಮನದು ಮೂರನೆಯದು. ಬಣ್ಣ ಚೆನ್ನಂತೆ, ಎರಡೆರಡು ಪ್ರಾಣಿ ಸೇರಿ ಕಾದಾಡುತ್ತವಂತೆ.

"ಹಿಂದಿನ ತಲೆಮಾರಿನ ಪ್ರಾಣಿಗಳನ್ನ ಒಳಗೇ ಬಿಟ್ಕೊಳ್ಳಲ್ವಲ್ಲೋ ನಿನ್ನ ಮೂರನೇದು," ಎಂದು ಚುಚ್ಚುತ್ತಿದ್ದೆ.

"ಹೊಸ ಮನೆಗೆ ಹಳೇ ಸಾಮಾನು ಯಾಕೆ," ಎನ್ನುತ್ತಿದ್ದ.

ಈಗಿನ ತಲೆಮಾರಿನಲ್ಲಿ ಬಯಲಲ್ಲಿ ಎಲ್ಲಿಗೆ ಬೇಕಾದರೂ ನಡೆಯಬಹುದೆಂದು ನನ್ನ ಮಗಳು ಬೀಗುತ್ತಾಳೆ. ಅವಳ ಬಾಯಿ ಮುಚ್ಚಿಸುವುದೊಂದೇ ನಾವಿಬ್ಬರೂ ಒಟ್ಟಾಗಿ ಮಾಡುವ ಕೆಲಸ.

ಅಮ್ಮನ ಕಿಡ್ನಿ ಕೈಕೊಟ್ಟ ಮೇಲೆ ಈ ಜಗಳ ಡಯಾಲಿಸಿಸ್ ಕೋಣೆಗೆ ಬಂತು. ದಿನ ಬಿಟ್ಟು ದಿನ ಅಮ್ಮ ಒರಗು ಕುರ್ಚಿಯಲ್ಲಿ ತೋಳು ಚಾಚಿ ಬೆಳಗೆಲ್ಲ ಕೂರಬೇಕು. ಸೂಜಿಯೋ, ದಬ್ಬಳದಷ್ಟು ದಪ್ಪ. ಶುರುವಿನಲ್ಲೇ ಅಮ್ಮ, "ಸಾಕು ಕಣೇ, ನನ್ನ ಪಾಡಿಗೆ ನನ್ನ ಬಿಟ್ಬಿಡಿ," ಎಂದುಬಿಟ್ಟಳು. ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು ಹೇಳಿದ್ದರು. ಬೇರೆ ದಾರಿ ಕಾಣದೆ ನನ್ನ ಹಳೇ ಕ್ಯಾಸೆಟ್ಟಿನಲ್ಲಿ ಹೊಸದಾಗಿ ಆಟ ಶುರುಮಾಡಿ ಅಮ್ಮನ ಖಾಲಿ ಕೈಗೆ ಕೊಟ್ಟೆ. ಒಂದೇ ಹೆಬ್ಬೆರಳಲ್ಲಿ ಆಡಬಹುದು, ಅವಸರವೇನೂ ಇಲ್ಲ.

ಸ್ವಲ್ಪ ದಿನಕ್ಕೆ ಮೊಟ್ಟೆಯೊಡೆದು ಒಂದು ಮರಿ ಬಂತು. ಗುಂಡಗೆ, ಮೂತಿ ಊದಿಸಿಕೊಂಡು ಇತ್ತು. "ಥೇಟ್ ನಿನ್ನ ತಮ್ಮ ಹುಟ್ಟಿದಾಗ ಇದ್ದ ಹಾಗೇ," ಎಂದು ಅಮ್ಮ ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಜೊತೆಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಳು: ಸೂಜಿ ಹಾಕಿದ ಮೇಲೆಯೇ ಆಟ, ಸೂಜಿ ತೆಗೆದರೆ ಬಂದ್. ಮನೆಯಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ. ಡಯಾಲಿಸಿಸ್ ದಿನ ಅವಳೇ ಮೊದಲು ಚಪ್ಪಲಿ ಮೆಟ್ಟಿ, "ಬೇಗ ನಡೀರಿ, ಗುಂಡ ಕಾಯ್ತಿರ್ತಾನೆ," ಎಂದು ಬಾಗಿಲಲ್ಲಿ ನಿಲ್ಲುವಳು. ನನಗಂತೂ ಹೋದ ಜೀವ ಬಂದಂತಾಯಿತು.

ಆಮೇಲೆ ಆಟದ ಗಡಿಯಾರ ಹಿಂದೆ ಬೀಳತೊಡಗಿತು. ಆಸ್ಪತ್ರೆಯ ಕಿಟಕಿಯಲ್ಲಿ ಬಿಸಿಲು, ಪರದೆಯಲ್ಲಿ ಕತ್ತಲು. "ಇವನ ಊರಲ್ಲಿ ಇನ್ನೂ ಬೆಳಗೇ ಆಗಿಲ್ವಲ್ಲೇ," ಎಂದು ಅಮ್ಮ ಪೇಚಾಡಿದಳು.

ತಮ್ಮನದು ಫ್ಯಾನು, ರೇಡಿಯೋ ರಿಪೇರಿ ಅಂಗಡಿ. "ಕ್ಯಾಸೆಟ್ ಒಳಗೆ ಅಂಗಿ ಗುಂಡಿಯಷ್ಟು ಬ್ಯಾಟರಿ ಇರುತ್ತೆ ಅಕ್ಕ. ನನ್ನ ಮೂರನೇದಕ್ಕೂ ಹೀಗೇ ಆಗಿತ್ತು. ಹಳೇದು ಕಿತ್ತು ಹೊಸದು ಹಾಕ್ದೆ, ಪ್ರಾಣಿಗಳೆಲ್ಲ ಇದ್ದ ಹಾಗೇ ಇದ್ವು," ಎಂದ.

"ಹುಷಾರು ಕಣೋ."

"ದಿನಾ ಮಾಡೋ ಕೆಲಸ, ಸುಮ್ನಿರು," ಎಂದು ನಕ್ಕ.

ಹೊಸ ಬ್ಯಾಟರಿಯ ಬೆಸುಗೆ ಅಚ್ಚುಕಟ್ಟಾಗಿಯೇ ಇತ್ತು. ಅವನ ಅಂಗಡಿಯ ಮೇಜಿನ ಮೇಲೆ ಆನ್ ಮಾಡಿದೆವು. ಸಂಗೀತ ಬಂತು, ಚಿತ್ರ ಬಂತು, ಕೆಳಗೆ ಒಂದೇ ಸಾಲು ಬಂತು: ಹೊಸ ಆಟ. ಅದರ ಮೇಲೆ ಇರಬೇಕಾಗಿದ್ದ 'ಮುಂದುವರಿಸಿ' ಇರಲಿಲ್ಲ. ಕ್ಯಾಸೆಟ್ ತೆಗೆದು, ಊದಿ, ಮತ್ತೆ ಹಾಕಿದ. ಮತ್ತೆ ಅದೇ.

ತಮ್ಮ ಫೋನಿನಲ್ಲಿ ಹುಡುಕಿ ಓದಿದ. ಓದುತ್ತ ಓದುತ್ತ ದನಿ ಇಳಿಯಿತು. "ಮೂರನೇದ್ರಲ್ಲಿ ಬ್ಯಾಟರಿ ಗಡಿಯಾರಕ್ಕೆ ಮಾತ್ರವಂತೆ. ಇದ್ರಲ್ಲಿ ಆಡಿದ್ದೆಲ್ಲ ಉಳಿಯೋದೂ ಅದರಿಂದಲೇ ಅಂತೆ ಅಕ್ಕ. ಕಿತ್ತ ತಕ್ಷಣ ಎಲ್ಲಾ ಅಳಿಸಿಹೋಗುತ್ತಂತೆ."

"ಮುಟ್ಟದೇ ಬಿಟ್ಟಿದ್ರೆ?"

"ಬಿಟ್ಟಿದ್ರೂ ಇವತ್ತೋ ನಾಳೆಯೋ ಹೋಗೋದೇ. ಗಡಿಯಾರ ಆ ಬ್ಯಾಟರೀನ ತಿಂದು ಮುಗಿಸ್ತಾ ಇತ್ತು."

ನಾನು ಜೀವಮಾನವೆಲ್ಲ ಕೊಚ್ಚಿಕೊಂಡ ಗಡಿಯಾರ. ಗುಂಡನನ್ನು ಮೊದಲೇ ಮನೆಯಲ್ಲಿದ್ದ ಬೇರೆ ಕ್ಯಾಸೆಟ್ಟಿಗೆ ಸಾಗಿಸಬಹುದಿತ್ತೇ ಎಂದರೆ, ಮೊದಲನೇ ತಲೆಮಾರಿಗೆ ಅವನ ಗುರುತೇ ಇಲ್ಲ, ಮೂರನೆಯದು ಬಾಗಿಲು ತೆರೆಯುವುದಿಲ್ಲ. ತಮ್ಮನಿಗೆ ನಾಲ್ಕು ಬಾರಿಸಬೇಕೆನಿಸುವಷ್ಟು ಉರಿಯಿತು. ಆದರೆ ಅವನ ಮುಖ ನೋಡಿ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡೆ.

ಮಾರನೆಯ ದಿನ ಡಯಾಲಿಸಿಸ್ ಇತ್ತು. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದ ಅಮ್ಮನಿಗೆ ತಮ್ಮನೇ ಹೇಳಿದ. ಮುಚ್ಚುಮರೆಯಿಲ್ಲದೆ, ತಲೆ ತಗ್ಗಿಸಿಕೊಂಡು ಹೇಳಿದ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಮತ್ತೆ ಶುರು ಮಾಡೋಣಮ್ಮ. ಅದೇ ಮರಿ ಸಿಗುತ್ತೆ. ಅದಕ್ಕೂ ಗುಂಡ ಅಂತಾನೇ ಹೆಸರಿಡು," ಎಂದ.

"ಮೊದಲಿಂದ ಶುರು ಮಾಡೋಕೆ ನನಗೆಲ್ಲಿದೆಯಪ್ಪ ಅಷ್ಟು ಹೊತ್ತು," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಅವನ ಬೋಳುತಲೆ ಸವರಿ ಕೇಳಿದಳು, "ನಿಂದ್ರಲ್ಲಿ ಬ್ಯಾಟರಿ ಹೋದ್ರೂ ಮರಿಗಳು ಇರ್ತಾವಾ?"

"ಇರ್ತಾವಮ್ಮ."

"ಹಾಗಾದ್ರೆ ನಿಂದೇ ಮೇಲು ಕಣೋ. ಇನ್ನು ಇಬ್ಬರೂ ಜಗಳ ಆಡ್ಬೇಡಿ."

ಇಷ್ಟು ವರ್ಷದ ಜಗಳ ಗೆದ್ದ ನನ್ನ ತಮ್ಮ ಗೋಡೆಗೆ ಮುಖ ಮಾಡಿ ಮಗುವಿನಂತೆ ಅತ್ತ.

ಹೊರಗೆ ಆಸ್ಪತ್ರೆಗೆ ಕರೆದೊಯ್ಯುವ ಕಾರು ಹಾರ್ನ್ ಹೊಡೆಯಿತು. ಬಾಗಿಲಲ್ಲಿದ್ದ ಅಮ್ಮನ ಚಪ್ಪಲಿ ತಂದು ಮಂಚದ ಬಳಿ ಕುಕ್ಕರಗಾಲಲ್ಲಿ ಕೂತೆ. "ಕಾಲು ಕೊಡಮ್ಮ, ಹೊತ್ತಾಯ್ತು," ಎಂದೆ. ಮತ್ತೆ ಹಾರ್ನ್ ಆಯಿತು. "ಅಮ್ಮ, ಕಾಲು ಕೊಡು."

ಅಮ್ಮ ಎರಡೂ ಕಾಲನ್ನು ಮಂಚದ ಮೇಲೆತ್ತಿಕೊಂಡು ಹೊದಿಕೆ ಎಳೆದುಕೊಂಡಳು.