ಕೀಲು ಸವೆದಿದೆಯೇ? ಅದೇ ದಿನ ವಾಪಸ್

ನನ್ನ ಚಿಕ್ಕಪ್ಪ ಬಾಗಿಲಿನ ಕೀಲು ಮಾಡುವವರು. ಮೂವತ್ತೊಂದು ವರ್ಷದಿಂದ ಒಂದೇ ಕೋಣೆ, ಒಂದೇ ಮರದ ಮೇಜು, ಮೇಜಿನ ತುದಿಯಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದೇ ವೈಸು. ಗೋಡೆಯ ಮೇಲೆ ಲೋಹ ಉಜ್ಜುವ ಅರಗಳು ಗಾತ್ರದ ಪ್ರಕಾರ ತೂಗುತ್ತವೆ. ಬಾಗಿಲು ತೆರೆದ ಸದ್ದು ಕೇಳಿಯೇ ಕೀಲಿನ ವಯಸ್ಸು ಹೇಳಬಲ್ಲವರು ಅವರು. ಆದರೆ ಈಚೆಗೆ ಕೇಳಿಸಿಕೊಳ್ಳಲು ಬಾಗಿಲುಗಳೇ ಬರುತ್ತಿರಲಿಲ್ಲ.

ಚಿಕ್ಕಮ್ಮನ ಅಣ್ಣನಿಗೆ ಮುಖ್ಯರಸ್ತೆಯಲ್ಲಿ ದೊಡ್ಡ ಹಾರ್ಡ್‌ವೇರ್ ಶೋರೂಮ್ ಇದೆ. ನಾನು ಅವರನ್ನು ಶೋರೂಮ್ ಮಾವ ಎನ್ನುತ್ತೇನೆ. ಅವರೂ ಚಿಕ್ಕಪ್ಪನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಾರೆ. ಜಗಳ ಶುರುವಾದರೆ ಯಾವ ಭಾವ ಯಾರಿಗೆ ಬೈದ ಎಂದು ಲೆಕ್ಕ ಇಡುವುದು ಕಷ್ಟ. ಒಂದು ಭಾನುವಾರ ಅವರು ಬಂದು ಮೇಜಿನ ಮೇಲೆ ಉದ್ದನೆಯ ಡಬ್ಬಿಯೊಂದನ್ನು ಇಟ್ಟರು. ಒಳಗೆ ನೀಲಿ ಟೈ.

"ಇದೇನು ಭಾವ, ಹಾವಿನ ಪೊರೆ ಇದ್ದಂಗಿದೆ" ಎಂದರು ಚಿಕ್ಕಪ್ಪ.

"ನಮ್ಮಲ್ಲಿ ಹಿಂಜ್ ಸೆಕ್ಷನ್‌ಗೆ ಒಬ್ರು ಬೇಕು ಭಾವ. ಏಸಿ ಇದೆ, ತಿರುಗೋ ಕುರ್ಚಿ ಇದೆ. ಇಲ್ಲಿ ನೊಣ ಹೊಡ್ಕೊಂಡು ಎಷ್ಟು ದಿನ ಕೂತ್ಕೋತೀರಿ?"

"ನೊಣಾನೂ ಈಚೆಗೆ ಬರ್ತಿಲ್ಲ ಬಿಡಿ."

ಚಿಕ್ಕಪ್ಪ ತಮಾಷೆಗೆ ಹೇಳಿದರೂ ಅವರ ಕೈ ವೈಸಿನ ಹಿಡಿಯನ್ನು ಸವರುತ್ತಿತ್ತು. ಚಿಕ್ಕಮ್ಮ ಅದನ್ನು ನೋಡಿದಳು. ನಾನೂ ನೋಡಿದೆ. ಕೊನೆಗೆ ಒಂದು ಒಪ್ಪಂದವಾಯಿತು: ಮುಂದಿನ ವಾರ, ಸೋಮವಾರದಿಂದ ಶನಿವಾರ ಸಂಜೆ ಆರರ ತನಕ, ಬಾಗಿಲಿನ ಕೆಲಸ ಹಿಡಿದು ಹತ್ತು ಹೊಸ ಮುಖ ಬಂದರೆ ಅಂಗಡಿ ಉಳಿಯುತ್ತದೆ. ಬರದಿದ್ದರೆ ಶಟರ್ ಎಳೆದು, ಟೈ ಕಟ್ಟಿ, ತಿರುಗೋ ಕುರ್ಚಿ. ಲೆಕ್ಕ ಬರೆಯುವವಳು ಚಿಕ್ಕಮ್ಮ. ಅವಳಿಗೆ ಅಣ್ಣನೂ ಒಂದೇ, ಗಂಡನೂ ಒಂದೇ. ಇಬ್ಬರ ಮೇಲೂ ನಂಬಿಕೆ ಇಲ್ಲ.

ಅವರೆಲ್ಲ ನನ್ನ ಮುಖ ನೋಡಿದರು. ನನ್ನ ಹೊಟ್ಟೆಪಾಡೇ ಅದು. ಜನ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ನಮ್ಮ ಗಿರಾಕಿಗಳ ಅಂಗಡಿ ಮೊದಲ ಪುಟದಲ್ಲಿ ಕಾಣುವಂತೆ ಮಾಡುವುದು. ಯಾವ ಪದವನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಎಂದು ನೋಡಿ, ಆ ಪದವನ್ನು ಪುಟದಲ್ಲಿ ಸರಿಯಾದ ಜಾಗದಲ್ಲಿ ಕೂರಿಸುವುದು. ಚಪ್ಪಲಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ತನಕ ಎಲ್ಲರಿಗೂ ಮಾಡಿದ್ದೆ. ಚಿಕ್ಕಪ್ಪನಿಗೆ ಮಾತ್ರ ಮಾಡಿರಲಿಲ್ಲ.

"ಹಿಂಜ್ ಅಂತ ಮಾತ್ರ ಬರೀಬೇಡ ಕಣಮ್ಮ. ನಾನು ಮಾಡೋದು ಕೀಲು" ಎಂದು ಚಿಕ್ಕಪ್ಪ ಮೊದಲೇ ಹೇಳಿಬಿಟ್ಟರು.

ಅಂಕಿಅಂಶ ತೆಗೆದು ನೋಡಿದೆ. ನಮ್ಮ ಸುತ್ತಮುತ್ತ 'ಹಿಂಜ್' ಎಂದು ಹುಡುಕಿದವರು ತಿಂಗಳಿಗೆ ನಲವತ್ತು ಮಂದಿ. 'ಕೀಲು' ಎಂದು ಹುಡುಕಿದವರು ಹನ್ನೊಂದು ಸಾವಿರ! ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಹನ್ನೊಂದು ಸಾವಿರ ಜನ ಬಾಗಿಲಿನ ಚಿಂತೆಯಲ್ಲಿ ಮುಳುಗಿದ್ದಾರೆಯೇ ಎಂಬ ಸಂಶಯ ಬರಬೇಕಿತ್ತು. ಬರಲಿಲ್ಲ. ನಮಗೆ ಬೇಕಾದ ಅಂಕಿ ಸಿಕ್ಕಾಗಲೇ ಅದನ್ನು ಹೆಚ್ಚು ಅನುಮಾನಿಸಬೇಕು ಎಂದು ತರಗತಿಯಲ್ಲಿ ಬರೆದುಕೊಂಡಿದ್ದೆ, ಕೆಂಪು ಶಾಯಿಯಲ್ಲಿ ಅಡಿಗೆರೆ ಕೂಡ ಎಳೆದಿದ್ದೆ. ಆದರೆ ನಮ್ಮ ಮನೆಯಲ್ಲಿ ಕೀಲು ಎಂದರೆ ಹುಟ್ಟಿದಾಗಿನಿಂದ ಬಾಗಿಲಿನದು. ಬೇರೆಯವರ ಮನೆಯಲ್ಲಿ ಅದು ಇನ್ನೆಲ್ಲಿ ಇರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಚಿಕ್ಕಪ್ಪ ಹೇಳುತ್ತ ಹೋದರು, ನಾನು ಬರೆದೆ: "ಕೀಲು ಸವೆದಿದೆಯೇ? ಬಾಗುವಾಗ ಕಿರ್ ಎನ್ನುತ್ತದೆಯೇ? ಬದಲಾಯಿಸುವ ಅಗತ್ಯವಿಲ್ಲ! ಮೂವತ್ತೊಂದು ವರ್ಷ ಪಳಗಿದ ಕೈ. ಉಜ್ಜಿ, ಎಣ್ಣೆ ಹಾಕಿ, ಅದೇ ದಿನ ವಾಪಸ್." ಆ ಪದಕ್ಕೆ ಹತ್ತಿರದಲ್ಲಿ ಬೇರೆ ಯಾರ ಪುಟವೂ ಇರಲಿಲ್ಲ. ಒಂದೇ ದಿನದಲ್ಲಿ ಮೊದಲ ಪುಟದ ಮೊದಲ ಸಾಲಿಗೆ ಬಂದೆವು. ನಾನು ಕಾಲರ್ ಸರಿಮಾಡಿಕೊಂಡೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಮುಖ ಬಂತು. ನಿವೃತ್ತ ಲೆಕ್ಕದ ಮೇಷ್ಟ್ರು. ಊರುಗೋಲು ಊರಿಕೊಂಡು ಬಂದರು.

"ಇಂಟರ್ನೆಟ್ಟಲ್ಲಿ ನೋಡಿದೆ. ಕೀಲು ಸವೆದಿದೆ" ಎಂದರು.

"ಕೂತ್ಕೊಳ್ಳಿ ಮೇಷ್ಟ್ರೇ. ಎಷ್ಟು ವರ್ಷದ್ದು?" ಎಂದರು ಚಿಕ್ಕಪ್ಪ, ಅರ ಕೈಗೆತ್ತಿಕೊಳ್ಳುತ್ತ.

"ಅರವತ್ತೆಂಟು."

"ಅಬ್ಬಬ್ಬ! ಆ ಕಾಲದ ಮಾಲೇ ಬೇರೆ. ಎಡಗಡೇದಾ, ಬಲಗಡೇದಾ?"

"ಬಲಗಡೇದು. ತಂಡಿಗೆ ಜಾಸ್ತಿ."

"ತಂಡಿಗೆ ಊದ್ಕೊಳ್ಳತ್ತೆ."

"ಊದ್ಕೊಂಡಿದೆ!" ಮೇಷ್ಟ್ರ ಕಣ್ಣು ಅರಳಿತು. "ಇಷ್ಟು ಬೇಗ ಯಾರೂ ಹಿಡೀಲಿಲ್ಲ ಸ್ವಾಮಿ."

"ಅಂಚು ಸ್ವಲ್ಪ ಕೆತ್ತಿ ತೆಗೆದ್ರಾಯ್ತು. ತಂದಿದೀರಾ?"

"ತರದೆ? ಮನೇಲಿ ಬಿಟ್ಟು ಬರಕ್ಕಾಗತ್ತಾ?"

"ಹಂಗಾದ್ರೆ ಮೇಲಿಡಿ" ಎಂದು ಚಿಕ್ಕಪ್ಪ ವೈಸಿನ ಬಾಯಿ ಅಗಲಿಸಿ, ಎಣ್ಣೆ ಡಬ್ಬಿ ತರಲು ಬೆನ್ನು ತಿರುಗಿಸಿದರು. ಮರಳಿ ನೋಡಿದಾಗ ಮೇಷ್ಟ್ರು ಪಂಚೆ ಮೇಲಕ್ಕೆತ್ತಿ, ಬಲಗಾಲಿನ ಮಂಡಿಯನ್ನು ವೈಸಿನೊಳಗೆ ಇಟ್ಟುಕೊಂಡು, ಭಕ್ತಿಯಿಂದ ಕಣ್ಣು ಮುಚ್ಚಿದ್ದರು.

ಆ ಕ್ಷಣ ಹನ್ನೊಂದು ಸಾವಿರ ಜನ ಯಾರೆಂದು ನನಗೆ ಅರ್ಥವಾಯಿತು.

ಚಿಕ್ಕಪ್ಪ ಕ್ಷಮೆ ಕೇಳಿ, ನಾಚಿಕೆಗೆ ಮೇಷ್ಟ್ರನ್ನು ತಾವೇ ಕೈ ಹಿಡಿದು ಮನೆ ಮುಟ್ಟಿಸಲು ಹೋದರು. ಒಂದು ಗಂಟೆಯ ನಂತರ ನಗುತ್ತ ವಾಪಸ್ ಬಂದರು. ಮೇಷ್ಟ್ರ ಗೇಟು ಒಂದು ಕಡೆ ಜೋತುಬಿದ್ದಿತ್ತಂತೆ. ದಿನಕ್ಕೆ ಎಂಟು ಸಲ ಅದನ್ನು ಬಲಮಂಡಿಯಿಂದ ಎತ್ತಿ ತೆಗೆಯುತ್ತಿದ್ದರಂತೆ, ಆರು ವರ್ಷದಿಂದ. ಚಿಕ್ಕಪ್ಪ ಕೀಲು ಬಿಚ್ಚಿ, ಪಿನ್ನು ಬದಲಿಸಿ, ಒಂದೇ ಬೆರಳಿಗೆ ತೆರೆಯುವಂತೆ ಮಾಡಿ ಬಂದಿದ್ದರು.

"ಮಂಡಿ ಲೆಕ್ಕಕ್ಕಿಲ್ಲ. ಗೇಟು ಲೆಕ್ಕಕ್ಕಿದೆ" ಎಂದು ಚಿಕ್ಕಮ್ಮ ನೋಟುಬುಕ್ಕಿನಲ್ಲಿ ಒಂದು ಗೀಟು ಎಳೆದಳು.

ಮಂಗಳವಾರ ಹದಿನಾಲ್ಕು ಜನ. ಬೆನ್ನು, ಮೊಣಕೈ, ಹೆಬ್ಬೆರಳು. ದರ್ಜಿ ಹೆಂಗಸೊಬ್ಬಳು ಸೊಂಟದ ಎಕ್ಸ್‌ರೇಯನ್ನೇ ಹಿಡಿದು ಬಂದಿದ್ದಳು. ಚಿಕ್ಕಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೈಮರೆತು ನಿಂತರು. "ಏನು ಜೋಡಣೆ ನೋಡೇ! ಎಲ್ಲೂ ಒಂದು ಮೊಳೆ ಇಲ್ಲ!"

"ರೀ, ಅದು ಅವರ ಸೊಂಟ. ಕೊಡ್ರೀ ವಾಪಸ್" ಎಂದಳು ಚಿಕ್ಕಮ್ಮ.

ಅಂದು ಒಂದೂ ಗೀಟು ಬೀಳಲಿಲ್ಲ. ಸಂಜೆ ಚಿಕ್ಕಪ್ಪ ನನ್ನನ್ನು ಕೂರಿಸಿಕೊಂಡರು. "ನೋವು ಇರೋರನ್ನ ಕರೆಸಿ ಅರ ತೋರಿಸೋದು ತಪ್ಪು ಕಣಮ್ಮ. ಬಾಗಿಲಿನ ಕೀಲು ಅಂತ ದೊಡ್ಡಕ್ಷರದಲ್ಲಿ ಹಾಕು."

"ಹಾಕಿದ್ರೆ ಕೆಳಗೆ ಬಿದ್ದೋಗ್ತೀವಿ ಚಿಕ್ಕಪ್ಪ. 'ಬಾಗಿಲಿನ ಕೀಲು' ಅಂತ ತಿಂಗಳಿಗೆ ಹನ್ನೊಂದೇ ಜನ ಹುಡುಕೋದು."

"ಬೀಳಲಿ. ಸುಳ್ಳು ಹೇಳಿ ಮೇಲೆ ಕೂತ್ಕೊಳ್ಳೋದಕ್ಕೆ ನಾನೇನು ನಿಮ್ಮ ಶೋರೂಮ್ ಮಾವಾನಾ?"

ಹಾಕಿದೆ. ಬಿದ್ದೆವು. ಮೊದಲ ಪುಟದಿಂದ ನಾಲ್ಕನೆಯ ಪುಟಕ್ಕೆ. ಬುಧವಾರ ಇಡೀ ದಿನ ಯಾರೂ ಬರಲಿಲ್ಲ. ಶೋರೂಮ್ ಮಾವ ಫೋನ್ ಮಾಡಿ, ಟೈ ಕಟ್ಟುವುದು ಹೇಗೆಂಬ ವಿಡಿಯೋ ಕಳಿಸುವುದಾಗಿ ಹೇಳಿದರು. ಕಳಿಸಿಯೂ ಬಿಟ್ಟರು.

ಅದೇ ದಿನ ಮೇಷ್ಟ್ರು ನಮ್ಮ ಪುಟದಲ್ಲಿ ಒಂದು ಅಭಿಪ್ರಾಯ ಬರೆದರು: "ಸೋಮವಾರ ಹೋದೆ. ಗೇಟು ಸರಿಯಾಯಿತು. ಇಂದು ಮಂಡಿ ನೋವು ಅರ್ಧ ಇಳಿದಿದೆ. ಪೂರ್ಣ ಅಂಕ ಕೊಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ನಾಲ್ಕು ನಕ್ಷತ್ರ." ಬರೆದದ್ದಲ್ಲದೆ, ತಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ಹಾಕಿದರು. ಆರುನೂರು ಜನರ ಗುಂಪು. ಈಗಲೂ ಮೇಷ್ಟ್ರಿಗೆ ಹೆದರುವವರು.

ಗುರುವಾರ ಬೆಳಿಗ್ಗೆ ಅಂಗಡಿ ಮುಂದೆ ಕುಂಟುವವರ ಸಾಲು. ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತು, "ನಾನು ಡಾಕ್ಟರಲ್ಲ! ನೋವಿಗೆ ಡಾಕ್ಟರ ಹತ್ರಾನೇ ಹೋಗಿ!" ಎಂದು ಕೂಗಿದರು. ಯಾರೂ ಅಲುಗಲಿಲ್ಲ. ದೊಡ್ಡ ಡಾಕ್ಟರುಗಳು ಹೀಗೆಯೇ ಸಿಡುಕುತ್ತಾರೆ ಎಂದು ಸಾಲಿನ ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ಆಗ ಚಿಕ್ಕಪ್ಪನಿಗೆ ಏನು ಹೊಳೆಯಿತೋ, "ಸರಿ. ಒಬ್ಬೊಬ್ಬರಾಗಿ ಬನ್ನಿ. ನಿಮ್ಮನೆ ಬಾಗಿಲು ಹೆಂಗೆ ತೆಗೀತೀರಿ, ಮಾಡಿ ತೋರಿಸಿ" ಎಂದರು.

ಆ ಕೋಣೆಯಲ್ಲಿ ನಡೆದದ್ದನ್ನು ನಾಟಕ ಕಂಪನಿಯವರು ನೋಡಬೇಕಿತ್ತು. ದರ್ಜಿ ಹೆಂಗಸು ಇಲ್ಲದ ಬಾಗಿಲಿಗೆ ಸೊಂಟದಿಂದ ಗುದ್ದಿದಳು. ಅಂಚೆಯವರೊಬ್ಬರು ಹಿಡಿಕೆ ಹಿಡಿದು, ಹೊಸ್ತಿಲಿಗೆ ಕಾಲು ಕೊಟ್ಟು, ಬಾವಿಯಿಂದ ಕೊಡ ಸೇದುವಂತೆ ಜಗ್ಗಿದರು. ಒಬ್ಬಾತ ಮೂರು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಒದ್ದ. "ಇದು ಬಚ್ಚಲ ಬಾಗಿಲು" ಎಂದು ವಿವರಿಸಿದ. ಸುಮ್ಮನೆ ಕೈ ಚಾಚಿ ಸಲೀಸಾಗಿ ತೆರೆದು ತೋರಿಸಿದವರನ್ನು ಚಿಕ್ಕಪ್ಪ ಮೂಳೆ ಡಾಕ್ಟರ ಬಳಿಗೆ ಕಳಿಸಿದರು. ಗುದ್ದಿದವರ, ಜಗ್ಗಿದವರ, ಒದ್ದವರ ಮನೆಗೆ ಚೀಲ ಹೆಗಲಿಗೇರಿಸಿ ತಾವೇ ಹೋದರು.

ಶನಿವಾರ ಸಂಜೆ ಐದೂವರೆ. ಚಿಕ್ಕಮ್ಮನ ನೋಟುಬುಕ್ಕಿನಲ್ಲಿ ಒಂಬತ್ತು ಗೀಟು. ಬೀದಿ ಖಾಲಿ. ನಾನು ಆ ಗೀಟುಗಳನ್ನು ನಾಲ್ಕು ಸಲ ಎಣಿಸಿದೆ. ನಾಲ್ಕು ಸಲವೂ ಒಂಬತ್ತೇ. ಚಿಕ್ಕಪ್ಪ ಅರಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ತೂಗುಹಾಕುತ್ತಿದ್ದರು. ಅಷ್ಟು ನಿಧಾನವಾಗಿ ಒರೆಸಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಐದು ಐವತ್ತಕ್ಕೆ ಶೋರೂಮ್ ಮಾವ ಬಂದರು. "ಎಷ್ಟಾಯ್ತು?" ಎಂದು ಕೇಳಿ, ಉತ್ತರ ತಿಳಿದು, ಟೈ ಡಬ್ಬಿ ತೆಗೆದುಕೊಳ್ಳಲು ಕೈ ಚಾಚಿದವರು "ಅಮ್ಮಾ!" ಎಂದು ಎಡಗೈಯಿಂದ ಬಲಭುಜ ಹಿಡಿದುಕೊಂಡರು.

ಚಿಕ್ಕಪ್ಪ ಅರ ಕೆಳಗಿಟ್ಟರು. "ಭಾವ, ಭುಜಕ್ಕೇನಾಯ್ತು?"

"ಏನಿಲ್ಲ. ಮಲಗಿದ್ದು ಸರಿ ಇಲ್ಲ."

"ನಿಮ್ಮ ಶೋರೂಮ್ ಬಾಗಿಲು ಹೆಂಗೆ ತೆಗೀತೀರಿ? ಒಂದ್ಸಲ ಮಾಡಿ ತೋರ್ಸಿ."

"ಅದೆಲ್ಲ ಯಾಕೀಗ?"

"ತೋರ್ಸಣ್ಣ" ಎಂದಳು ಚಿಕ್ಕಮ್ಮ. ಆ ದನಿಗೆ ಅವರು ಚಿಕ್ಕಂದಿನಿಂದಲೂ ಎದುರಾಡಿದವರಲ್ಲ. ಎರಡು ಹೆಜ್ಜೆ ಹಿಂದೆ ಸರಿದರು, ಬಲಭುಜ ಮುಂದೆ ಮಾಡಿದರು, ಗೂಳಿಯ ಹಾಗೆ ಗಾಳಿಗೆ ಹಾಯ್ದರು.



"ನಿಮ್ಮಂಗಡೀಲಿ ಹನ್ನೆರಡು ತರ ಹಿಂಜ್ ಇದ್ಯಲ್ಲ ಭಾವ?" ಎಂದರು ಚಿಕ್ಕಪ್ಪ, ಬಹಳ ಮೆತ್ತಗೆ.

"ಅದನ್ನೇ ಹಾಕಿರೋದು" ಎಂದರು ಮಾವ, ಅದಕ್ಕಿಂತ ಮೆತ್ತಗೆ. "ಮೂರು ಸಲ ಬದಲಾಯಿಸ್ದೆ. ಬೆಳಿಗ್ಗೆಯಿಂದ ಗಿರಾಕಿಗಳನ್ನ ಗೋಡೌನ್ ಕಡೆಯಿಂದ ಬಿಡ್ತಿದೀನಿ."

ಚಿಕ್ಕಪ್ಪ ಮತ್ತೆ ಅರ ಕೈಗೆತ್ತಿಕೊಂಡರು. ಗಿರಾಕಿ ಬಾಯಿಬಿಟ್ಟು ಕೇಳದೆ ಕೆಲಸಕ್ಕೆ ಕೈ ಹಾಕುವವರಲ್ಲ ಅವರು. ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಮಾವ ಗಡಿಯಾರ ನೋಡಿದರು, ಭುಜ ನೋಡಿಕೊಂಡರು, ಕೊನೆಗೆ ಗೋಡೆಯ ಕಡೆ ತಿರುಗಿ ಗೊಣಗಿದರು: "ಸ್ವಲ್ಪ ಬಂದು ನೋಡ್ತೀರಾ ಭಾವ?"

ಚಿಕ್ಕಮ್ಮ ಗೀಟೆಳೆದ ಸದ್ದು ಬೀದಿಗೆ ಕೇಳಿಸಿರಬೇಕು.

"ಅನ್ಯಾಯ! ನಾನೆಂಥ ಹೊಸ ಮುಖ?"

"ಮೂವತ್ತೊಂದು ವರ್ಷದಲ್ಲಿ ಬುದ್ಧಿ ಹೇಳಕ್ಕೆ ಬಂದಿದೀಯ, ಕಾಫಿಗೆ ಬಂದಿದೀಯ. ಗಿರಾಕಿಯಾಗಿ ಬಂದಿದೀಯಾ? ಈ ಮುಖ ನಾನು ನೋಡ್ತಿರೋದು ಇವತ್ತೇ ಅಣ್ಣ."

ಚಿಕ್ಕಪ್ಪ ಆಗಲೇ ಚೀಲ ಹೆಗಲಿಗೇರಿಸಿದ್ದರು. ಹೊರಡುವ ಮುನ್ನ ಡಬ್ಬಿ ತೆರೆದು ಟೈ ಹೊರತೆಗೆದು, ಬೆಳಕಿಗೆ ಹಿಡಿದು ನೋಡಿ, ಕೈಗಂಟಿದ್ದ ಎಣ್ಣೆಯನ್ನು ಅದರಲ್ಲಿ ಚೆನ್ನಾಗಿ ಒರೆಸಿಕೊಂಡರು. "ಒಳ್ಳೇ ಬಟ್ಟೆ ಭಾವ" ಎಂದರು. ಈಗ ಅದು ವೈಸಿನ ಪಕ್ಕದ ಮೊಳೆಯಲ್ಲಿ ತೂಗುತ್ತದೆ.

ನಮ್ಮ ಪುಟ ಈಗಲೂ ನಾಲ್ಕನೆಯ ಪುಟದಲ್ಲಿಯೇ ಇದೆ. ಮೇಷ್ಟ್ರು ಮಾತ್ರ ಕಳೆದ ವಾರ ತಮ್ಮ ಅಭಿಪ್ರಾಯವನ್ನು ತಿದ್ದಿ ನಾಲ್ಕೂವರೆ ನಕ್ಷತ್ರ ಕೊಡಲು ನೋಡಿದರಂತೆ. ಅರ್ಧ ನಕ್ಷತ್ರ ಕೊಡಲು ಬರುವುದಿಲ್ಲ ಎಂದು ನಾನು ಅವರ ಗೇಟಿನ ಬಳಿ ಸಿಕ್ಕಾಗ ಹೇಳಿದ್ದಕ್ಕೆ, ಲೆಕ್ಕ ಬಾರದವರು ಮಾಡಿದ ಯಂತ್ರ ಎಂದು ಬೈದು, ಗೇಟನ್ನು ಒಂದೇ ಬೆರಳಿನಿಂದ ತೆರೆದುಕೊಂಡು ಒಳಗೆ ಹೋದರು.