ನೂರಾ ಅರವತ್ತೆಂಟು

ಗಡಿಯಾರದ ಮಾವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಮೂವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದವರಿಗೆ ನಂಬಿಕೆ ಎಲ್ಲಿಂದ ಬರಬೇಕು? “ಕೆಳಗೆ ಬಿದ್ದೇ ಇಲ್ಲ ಮಾವ, ತಾನಾಗೇ ನಿಂತುಹೋಯ್ತು” ಎಂದು ಆಣೆ ಇಟ್ಟು ಬೀದಿಯವರು ಕೊಟ್ಟ ಗಡಿಯಾರ ಬಿಚ್ಚಿದರೆ ಒಳಗೆ ನೀರು, ಮರಳು, ಒಮ್ಮೆಯಂತೂ ಒಂದು ಇರುವೆ. ಹಾಗಾಗಿ ಮಗಳು ಹೊಸ ತರಹದ ವಾಚೊಂದನ್ನು ತಂದು ಅವಳಮ್ಮನ ಕೈಗಿಟ್ಟ ದಿನವೇ ಮಾವ ಅದನ್ನು ಎತ್ತಿಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಪರೀಕ್ಷೆಗೆ ಕೂತರು. ಮುಳ್ಳಿಲ್ಲ, ಹಲ್ಲಿನ ಚಕ್ರವಿಲ್ಲ. ಬೆನ್ನಿನಲ್ಲೊಂದು ಹಸಿರು ದೀಪ ಮಾತ್ರ ಮಿಣಮಿಣ ಎನ್ನುತ್ತಿತ್ತು.

“ಅದು ಎದೆಬಡಿತ ಎಣಿಸುತ್ತೆ ಅಪ್ಪ,” ಎಂದಳು ಮಗಳು.

“ಎಣಿಸುತ್ತೋ, ಕಥೆ ಕಟ್ಟುತ್ತೋ, ನಾನು ನೋಡ್ತೀನಿ ತಾಳು,” ಎಂದು ಕೈಗೆ ಕಟ್ಟಿಕೊಂಡವರು ಮತ್ತೆ ಬಿಚ್ಚಿಕೊಡಲಿಲ್ಲ. ತಾಯಿ ಮಗಳು ಮುಖ ಮುಖ ನೋಡಿಕೊಂಡದ್ದು ಅವರ ಕಣ್ಣಿಗೆ ಬಿತ್ತು. ಬೀಳದೆ ಇರುತ್ತದೆಯೇ?

ಕಟ್ಟಿಕೊಂಡದ್ದು ಕಸುಬಿನ ಪದ್ಧತಿಯಂತೆ, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟು. ಬಿಗಿಯಾಗಿ ಕಟ್ಟಿದರೆ ಬೆವರು ನಿಂತು ಹಿಂದಿನ ಮುಚ್ಚಳ ತುಕ್ಕು ಹಿಡಿಯುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವರಲ್ಲವೇ ಅವರು!

ಮರುದಿನ ಬೆಳಿಗ್ಗೆ ಆಟದ ಮೈದಾನದಲ್ಲಿ ಎಂದಿನಂತೆ ನಿಧಾನದ ಓಟ ಓಡಿದರು. ಎರಡನೇ ಸುತ್ತಿಗೆ ವಾಚು ನೋಡಿದರೆ ನೂರಾ ಅರವತ್ತೆಂಟು. ಐವತ್ತೆಂಟರ ವಯಸ್ಸಿಗೆ ನೂರಾ ಅರವತ್ತೆರಡೇ ಕೊನೆ ಎಂದು ಜೊತೆಗೆ ಓಡುವ ಟೈಲರು ಎಲ್ಲೋ ಓದಿಕೊಂಡು ಬಂದು ಹೇಳಿದ್ದ. ಅಂದರೆ ಕೊನೆ ದಾಟಿ ಆರು ಹೆಚ್ಚಾಯಿತು! ಮಾವನ ಎದೆ ಧಸಕ್ಕೆಂದಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕುಕ್ಕರಿಸಿದರು.

ಅಂದಿನಿಂದ ತಲೆಗೆ ಹುಳ ಹೊಕ್ಕಿತು. ಓಡಿದಾಗಲೆಲ್ಲ ಅದೇ ಸಂಖ್ಯೆ. ಮನೆಗೆ ಬಂದರೆ ಅಡುಗೆಮನೆಯಲ್ಲಿ ತಾಯಿ ಮಗಳ ಗುಸುಗುಸು. ಇವರು ಬಾಗಿಲಿಗೆ ಬಂದರೆ ಬಾಯಿಗೆ ಬೀಗ. ಒಂದು ದಿನ “ಅಪ್ಪನಿಗೆ ಗೊತ್ತಾಗೋದು ಬೇಡ” ಎಂಬುದಷ್ಟೇ ಕಿವಿಗೆ ಬಿತ್ತು. ಜೊತೆಗೆ ಮೈದಾನ ಸುತ್ತುತ್ತಿದ್ದ ಹೆಂಡತಿ ಈಗ ಅರ್ಧ ಸುತ್ತಿಗೇ ಕೂತುಬಿಟ್ಟು “ನೀವು ಹೋಗಿ ಬನ್ನಿ, ನಾನು ನೋಡ್ತಾ ಇರ್ತೀನಿ” ಎನ್ನುತ್ತಿದ್ದಳು. ನೋಡುವುದೇನು? ಯಾವಾಗ ಬೀಳುತ್ತಾರೆ ಎಂದೇ? ತಮಗೇನೋ ದೊಡ್ಡದೇ ಆಗಿದೆ, ತಮ್ಮೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿದೆ. ಮಾವನಿಗೆ ಅನುಮಾನ ಉಳಿಯಲಿಲ್ಲ, ಖಾತ್ರಿಯೇ ಆಯಿತು. ಅಂಗಡಿಯಲ್ಲಿ ಬಿಚ್ಚಿದ ಗಡಿಯಾರ ಬಿಚ್ಚಿದಂತೆಯೇ ಬಿದ್ದಿರುತ್ತಿತ್ತು. ಮಾವ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದರು.

ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದರು. ಅವರು ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದು, ನೋಡಿ, ನಕ್ಕರು.

“ಓಡುವಾಗ ಬಡಿತ ಏರಲೇಬೇಕಲ್ಲ ಮಾವ. ಮೈಗೆಲ್ಲ ರಕ್ತ ಓಡಬೇಕಲ್ವಾ? ಇನ್ನೂರಿಪ್ಪತ್ತರಲ್ಲಿ ವಯಸ್ಸು ಕಳೆದು ಹೇಳೋ ಲೆಕ್ಕ ಬರೀ ಅಂದಾಜು. ಓಡ್ತಾ ಮಾತಾಡೋಕೆ ಆಗುತ್ತಾ?”

“ಟೈಲರನ್ನ ಬೈಯೋಕೂ ಆಗುತ್ತೆ.”

“ಹಾಗಿದ್ರೆ ಬಡಿತ ಆ ವಾಚು ಹೇಳೋ ಅಷ್ಟು ಇರಲಾರದು. ಎದೆನೋವು, ತಲೆಸುತ್ತು ಬಂದ್ರೆ ತಕ್ಷಣ ಬನ್ನಿ. ಒಂದ್ಸಲ ನೀವೇ ನಾಡಿ ಹಿಡಿದು ಎಣಿಸಿ ನೋಡಿ.”

ಹೊರಡುವಾಗ ಡಾಕ್ಟರಮ್ಮ ಹೆಂಡತಿಯನ್ನು ಮೆಲ್ಲಗೆ “ಮನೆಯಲ್ಲಿ ಹೇಳಿದ್ರಾ?” ಎಂದು ಕೇಳಿದ್ದು ಕಿವಿಗೆ ಬಿತ್ತು, ಅವಳು ಇಲ್ಲವೆಂದು ತಲೆಯಾಡಿಸಿದ್ದು ಬಾಗಿಲ ಗಾಜಿನಲ್ಲಿ ಕಂಡಿತು. ಡಾಕ್ಟರಮ್ಮನೂ ಆ ಗುಂಪಿನವರೇ ಎಂದುಕೊಂಡರು ಮಾವ. ಆ ನಗುವೂ ನಾಟಕ.

ಮರುದಿನ ಸೆಕೆಂಡ್ ಮುಳ್ಳಿರುವ ತಮ್ಮ ಹಳೆಯ ಗಡಿಯಾರವನ್ನೂ ಕೈಯಲ್ಲಿ ಹಿಡಿದು ಓಡಿದರು. ಗಕ್ಕನೆ ನಿಂತು, ಕತ್ತಿಗೆ ಎರಡು ಬೆರಳು ಒತ್ತಿ ಎಣಿಸಿದರು. ಹದಿನೈದು ಸೆಕೆಂಡಿಗೆ ಮೂವತ್ಮೂರು. ನಾಲ್ಕು ಪಟ್ಟು ಮಾಡಿದರೆ ನೂರಾ ಮೂವತ್ತೆರಡು! ಹಾಗಾದರೆ ಈ ನೂರಾ ಅರವತ್ತೆಂಟು ಯಾರದ್ದು? ಮತ್ತೆ ಓಡತೊಡಗಿದರು. ಕಿವಿಯಿಂದಲೇ ಗಡಿಯಾರದ ರೋಗ ಹಿಡಿಯುವ ಮನುಷ್ಯ. ಟಪ್ ಟಪ್ ಎಂಬ ತಮ್ಮ ಹೆಜ್ಜೆಯ ಸದ್ದು ಕೇಳುತ್ತ ಕೇಳುತ್ತ ಎಣಿಸಿದರು. ನಿಮಿಷಕ್ಕೆ ನೂರಾ ಅರವತ್ತೆಂಟು. ಸಡಿಲವಾಗಿ ಕುಣಿಯುತ್ತಿದ್ದ ವಾಚು ಎದೆಯನ್ನು ಬಿಟ್ಟು ಕಾಲನ್ನು ಎಣಿಸಿದೆ! ಪಟ್ಟಿ ಬಿಗಿದು ಇನ್ನೊಂದು ಸುತ್ತು ಹಾಕಿದರೆ, ನೂರಾ ಮೂವತ್ತನಾಲ್ಕು.

ಮಾವ ಮನೆಗೆ ಹಾರಿಕೊಂಡೇ ಬಂದರು. ಹೆಂಡತಿ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು.

“ಕಳ್ಳ ಸಿಕ್ಕಿಬಿದ್ದ ಕಣೇ! ತಪ್ಪು ನನ್ನ ಎದೇದೂ ಅಲ್ಲ, ವಾಚಿಂದೂ ಅಲ್ಲ, ಪಟ್ಟಿದು. ಕೊಡು ಕೈ, ತೋರಿಸ್ತೀನಿ.”

“ನನಗ್ಯಾಕೆ ರೀ, ಬೇಡ.” ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ಬೇಡ ಎಂದರೆ ಬಿಡುವ ಜನವೇ ಅವರು? ಹಿಡಿದು ಬಿಗಿಯಾಗಿ ಕಟ್ಟಿದರು. ಕೂತಲ್ಲೇ ಕೂತವಳಿಗೆ ನೂರಾ ಮೂವತ್ತೆಂಟು. ಆಮೇಲೆ ತೊಂಬತ್ತೇಳು. ಆಮೇಲೆ ನೂರಾ ಐವತ್ತೊಂದು.

“ಥತ್, ಮತ್ತೆ ಸುಳ್ಳು...” ಎನ್ನುತ್ತಲೇ ಮಾವ ವಾಚನ್ನು ಸರಿಸಿ ಅವಳ ಮಣಿಕಟ್ಟಿಗೆ ತಮ್ಮ ಬೆರಳಿಟ್ಟರು. ನಾಡಿ ಓಡಿತು, ತಪ್ಪಿತು, ಮತ್ತೆ ಎದ್ದುಬಿದ್ದು ಓಡಿತು. ಸಾವಿರಾರು ಗಡಿಯಾರಗಳ ಬಡಿತ ಸರಿಮಾಡಿದ ಬೆರಳುಗಳಿಗೆ ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಎಷ್ಟು ದಿನದಿಂದ?”

“ಎರಡು ತಿಂಗಳಾಯ್ತು. ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ನಾಡಿದ್ದು ಹೋಗಬೇಕು.” ಅವಳು ತಲೆ ಎತ್ತಲಿಲ್ಲ. “ಬಡಿತ ನೋಡ್ಕೊಂಡು ಬರೆದಿಡಿ ಅಂದ್ರು. ಅದಕ್ಕೇ ಮಗಳು ವಾಚು ತಂದಿದ್ದು.”

“ಅಯ್ಯೋ, ನನಗೆ ಒಂದು ಮಾತು ಹೇಳಬಾರದಿತ್ತಾ?” ಮಾವನ ದನಿ ಒಡೆಯಿತು. ಕೋಪವೋ ಭಯವೋ ಅವರಿಗೇ ತಿಳಿಯಲಿಲ್ಲ.

“ಹೇಳೋಣ ಅಂತ ಎಷ್ಟೋ ಸಲ ಅಂಗಡಿಗೆ ಬಂದೆ ರೀ,” ಎಂದಳು ಅವಳು. “ಬಂದಾಗೆಲ್ಲ ನೀವು ನಿಮ್ಮ ಎದೆ ಹಿಡ್ಕೊಂಡು ಕೂತಿರ್ತಿದ್ರಿ.”