ಹೊಕ್ಕಳ ಕೆಳಗಿನ ಗೆರೆ

ಇದು ಯಾವಾಗ ಮೂಡಿತು? — ಬಚ್ಚಲಲ್ಲಿ ನಾನೊಬ್ಬಳೇ, ಗಟ್ಟಿಯಾಗಿಯೇ ಕೇಳಿಬಿಟ್ಟೆ, ಉತ್ತರ ಹೇಳಲು ಹಂಡೆ ತಂಬಿಗೆ ಬಿಟ್ಟರೆ ಯಾರಿದ್ದಾರೆ, ಹೊಕ್ಕಳ ಕೆಳಗೆ ಕೆಂಪಗೆ ಒಂದು ಗೆರೆ, ಬೆರಳಿಟ್ಟರೆ ನೋವಿಲ್ಲ, ತುಸು ತುರಿಕೆ, ಇದಕ್ಕೇ ಅಲ್ಲವೇ ಅಷ್ಟು ಹೆದರಿದ್ದು — ನಾಗಲದಿನ್ನೆಯ ಗಂಡನ ಮನೆಯಲ್ಲಿ ಅವರ ಅಕ್ಕ ಹೇಮಾವತಿ ಸೆರಗು ಸರಿಸಿ ತೋರಿಸಿದ್ದಳು, ನೋಡ ಗಂಗೋತ್ರಿ, ಎರಡು ಹಡದೀನಿ, ಒಂದರ ಗೆರಿ ಐತೇನು, ಹೊಟ್ಟಿ ಹಿಗ್ಗಸಬಾರದು, ಹೊತ್ತಿಗೆ ಒಂದ ರೊಟ್ಟಿ ತಿನ್ನು, ಕೂಸು ಹೊರಗ ಬಂದ ಮ್ಯಾಲ ದಪ್ಪ ಆಗತೈತಿ ಬಿಡು — ನಾನು ತಲೆಯಾಡಿಸಿದೆ. ತವರಲ್ಲಿ ಹತ್ತಿ ಅಂಗಡಿ ತೆರೆಯುವ ಮೊದಲು ಅಜ್ಜ ರಾಗವಾಗಿ ಪುರಾಣ ಓದುತ್ತಿದ್ದರೆ ಹತ್ತಿ ಮೂಟೆಗೆ ಒರಗಿ ಕೇಳುತ್ತ ಬೆಳೆದವಳು, ಹಿರಿಯರ ಮಾತಿನ ನಡುವೆ ಬಾಯಿ ಹಾಕುವುದು ಗೊತ್ತಿಲ್ಲ, ಕೇಳಿದ್ದೆಲ್ಲ ಪುಣ್ಯ ಅಂದುಕೊಂಡೆ, ಎರಡನೆಯ ರೊಟ್ಟಿ ದಿನವೂ ಕದ್ದು ಎಮ್ಮೆಯ ಬಾಯಿಗೆ. ಕುಬಸದ ದಿನ, ಸೀಮಂತಕ್ಕೆ ಬಂದ ಅವ್ವ ಬಳೆ ತೊಡಿಸುತ್ತ ನಿಂತೇಬಿಟ್ಟಳು, ಬಳಿ ಮೊಣಕೈತನಾ ಜಾರಾಕತ್ತಾವಲ್ಲ, ಏನ್ ತಿಂತೀಯವ್ವ ನೀನು — ಮರುದಿನವೇ ಆದೋನಿಯ ತವರಿಗೆ ಕರೆತಂದಳು, ಸ್ಕ್ಯಾನ್ ನೋಡಿ ಡಾಕ್ಟರಮ್ಮನ ಮುಖ ಬಿಗಿಯಿತು, ಕೂಸು ಸಣ್ಣಗೈತಿ, ನಾನು ನೆಲ ನೋಡುತ್ತ ಎಲ್ಲ ಹೇಳಿದೆ, ಡಾಕ್ಟರಮ್ಮ ಅಂದರು, ಅಯ್ಯೋ ತಾಯಿ, ಎಣ್ಣಿ ಹಚ್ಚಿದ್ರ ತುರಿಕಿ ತಗ್ಗತೈತಿ, ಗೆರಿ ಬರೋರಿಗೆ ಬಂದ ಬರ್ತಾವ, ಅದಕ್ಕಂತ ಕೂಸಿನ ಊಟ ಕಸೀತಾರೇನು?

ಅವತ್ತಿನಿಂದ ಅವ್ವ ಎದುರೇ ಕೂತಳು, ಶೇಂಗಾ ಉಂಡೆ, ನುಗ್ಗೆಸೊಪ್ಪು, ಹೆಸರುಬೇಳೆ, ಗಟ್ಟಿ ಮೊಸರು, ಮುಗಿಸದೆ ಎದ್ದರೆ ನನ್ನಾಣಿ ಅನ್ನುವಳು, ತುತ್ತು ತುತ್ತಿಗೂ ಶಿವನೇ ತಡವಾಯಿತೇ, ಶಿವನೇ ಇನ್ನೂ ಸಮಯವಿದೆಯೇ — ಇವತ್ತು ಬೆಳಿಗ್ಗೆ ಪರದೆಯ ಮೇಲೆ ಬೂದು ಬೂದು ಮೋಡ, ಅದರಲ್ಲೊಂದು ಹಿಮ್ಮಡಿ, ಪುಟ್ಟದು, ದುಂಡಗೆ, ಡಾಕ್ಟರಮ್ಮ ನಕ್ಕರು, ತೂಕಕ್ಕ ಬಂದೈತಿ, ಇನ್ನ ಅಂಜಬ್ಯಾಡ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಅವ್ವ ಗಾಬರಿಬಿದ್ದು ನೀರಿಗೆ ಓಡಿದಳು. ಹೊರೆ ಹೆಚ್ಚಾಗಿದೆ, ಆದರೂ ಎಷ್ಟು ಹಗುರ.

ಒಣಗಿದ ಸೀರೆ ಸುತ್ತಿಕೊಂಡು ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಅವ್ವ ಫೋನು ಚಾಚಿದಳು, ಹೇಮಾವತಿ ಅದಾಳ, ಮಾತಾಡು — ಚಲೋ ಆತು ಬಿಡು, ತೂಕ ಬಂತಲ್ಲ, ಇನ್ನರ ನನ್ನ ಮಾತು ಕೇಳು, ಕಡಿ ತಿಂಗಳದಾಗ ಹೊಟ್ಟಿ ಭಾಳ ಹಿಗ್ಗತೈತಿ, ಇವತ್ತಿನಿಂದ ಮತ್ತ ಒಂದ ರೊಟ್ಟಿ, ಹ್ಞೂಂ ಅನ್ನು, ಗಂಗಾ, ಹ್ಞೂಂ ಅನ್ನವ್ವ — ತುಟಿಗೆ ಹ್ಞೂಂ ಬಂದೇಬಿಟ್ಟಿತ್ತು, ಅಷ್ಟರಲ್ಲಿ ಅಂಗೈಯ ಕೆಳಗೆ ಹಿಮ್ಮಡಿ, ಒಳಗಿನಿಂದ ಒತ್ತಿ ನಿಂತ ಹಿಮ್ಮಡಿ, ಗಟ್ಟಿ, ಸರಿಯಲೊಲ್ಲದು, ಹಿಮ್ಮಡಿ —

ಇಲ್ಲಕ್ಕಾ. ನಾ ಒಲ್ಲೆ.